ಉತ್ತರವಿಲ್ಲದ ಪಾಠ: ಹಾರ್ವರ್ಡ್ ವ್ಯವಹಾರ ಶಾಲೆಯ ಒಂದು ವರ್ಷ

೧

ಕನ್ನಡ ವಿಭಾಗವೊಂದರ ಸಂಸ್ಮರಣ ಸಂಪುಟದಲ್ಲಿ ಅಮೆರಿಕದ ವ್ಯವಹಾರ ಶಿಕ್ಷಣ ಸಂಸ್ಥೆಯೊಂದರ ಚರಿತ್ರೆಗೆ ಏನು ಸ್ಥಾನ ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ. ಅದಕ್ಕೆ ಮೊದಲೇ ಉತ್ತರ ಹೇಳುವುದು ಲೇಸು. ಮುಂಬಯಿಯಂತಹ ನಗರದಲ್ಲಿ ಕನ್ನಡ ಎಂ.ಎ. ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ವಾಣಿಜ್ಯ ಪದವೀಧರರು. ಹಗಲು ಬ್ಯಾಂಕಿನಲ್ಲೋ ಹೋಟೆಲಿನ ಗಲ್ಲಾದ ಮುಂದೆಯೋ ಲೆಕ್ಕಪತ್ರದ ಕಚೇರಿಯಲ್ಲೋ ದುಡಿದು ಸಂಜೆ ಪಂಪ, ಕುಮಾರವ್ಯಾಸರ ಬಳಿಗೆ ಬರುವವರು. ಅವರ ಬದುಕಿನಲ್ಲಿ ವಾಣಿಜ್ಯ ಮತ್ತು ಸಾಹಿತ್ಯ ಎರಡು ಬೇರೆ ಬೇರೆ ಲೋಕಗಳಲ್ಲ. ಅವರಲ್ಲೊಬ್ಬನಿಗೆ ಒದಗಿದ ತೊಡಕೊಂದನ್ನು ಅರ್ಥಮಾಡಿಕೊಳ್ಳುವ ಯತ್ನದಲ್ಲಿ ನಾನು ಈ ವಿಷಯದ ಕಡೆಗೆ ಹೊರಳಿದೆ. ಆ ತೊಡಕು ಏನೆಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ನಿವೇದಿಸುತ್ತೇನೆ. ಅದಕ್ಕೆ ಮುನ್ನ, ಇಂದು ಜಗತ್ತಿನ ಬಹುಪಾಲು ವ್ಯವಹಾರ ಶಾಲೆಗಳಲ್ಲಿ ಬಳಕೆಯಲ್ಲಿರುವ 'ಪ್ರಕರಣ ಪದ್ಧತಿ', ಅಂದರೆ ಇಂಗ್ಲಿಷಿನವರು ಕೇಸ್ ಮೆಥಡ್ ಎಂದು ಕರೆಯುವ ಬೋಧನಾಕ್ರಮ, ಹುಟ್ಟಿ ನೆಲೆನಿಂತ ಬಗೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ವಿಶ್ವವಿದ್ಯಾಲಯದ ಅಂಗಳಕ್ಕೆ ವ್ಯಾಪಾರ ವಿದ್ಯೆ ಪ್ರವೇಶಿಸಿದ್ದು ತೀರ ಹಳೆಯ ಸಂಗತಿಯೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಾರ್ಟನ್ ಶಾಲೆ ೧೮೮೧ರಲ್ಲಿ ಆರಂಭವಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ಸ್ನಾತಕೋತ್ತರ ವ್ಯವಹಾರಾಡಳಿತ ಶಾಲೆಯನ್ನು ೧೯೦೮ರಲ್ಲಿ ತೆರೆಯಿತು. ಇಂದು ಎಂ.ಬಿ.ಎ. ಎಂಬ ಮೂರಕ್ಷರಗಳಿಂದ ಮನೆಮಾತಾಗಿರುವ ಪದವಿ ಮೊದಲು ರೂಪುಗೊಂಡದ್ದು ಅಲ್ಲಿಯೇ. ಮೊದಲ ಡೀನ್ ಆಗಿದ್ದ ಎಡ್ವಿನ್ ಗೇ ಆರ್ಥಿಕ ಚರಿತ್ರೆಯ ವಿದ್ವಾಂಸರು. ವ್ಯಾಪಾರವನ್ನು ಒಂದು ವೃತ್ತಿಯನ್ನಾಗಿ, ವೈದ್ಯ ಮತ್ತು ವಕೀಲಿ ವೃತ್ತಿಗಳಿಗೆ ಸಮನಾದ ಹೊಣೆಗಾರಿಕೆಯುಳ್ಳ ವೃತ್ತಿಯನ್ನಾಗಿ ಕಲಿಸಬೇಕೆಂಬುದು ಅವರ ಆಶಯವಾಗಿತ್ತು.

ಆದರೆ ಕಲಿಸುವುದು ಹೇಗೆ? ಹಾರ್ವರ್ಡಿನಲ್ಲಿಯೇ ಅದಕ್ಕೊಂದು ಮಾದರಿ ಇತ್ತು. ಅಲ್ಲಿನ ಕಾನೂನು ಶಾಲೆಯಲ್ಲಿ ೧೮೭೦ರಿಂದ ಕ್ರಿಸ್ಟೋಫರ್ ಲ್ಯಾಂಗ್ಡೆಲ್ ಎಂಬ ಡೀನ್ ಹೊಸ ಕ್ರಮವೊಂದನ್ನು ಆರಂಭಿಸಿದ್ದರು. ಕಾನೂನಿನ ತತ್ತ್ವಗಳನ್ನು ಉಪನ್ಯಾಸದಲ್ಲಿ ಹೇಳಿ ಬರೆಸುವ ಬದಲು, ನ್ಯಾಯಾಲಯದ ನಿಜವಾದ ತೀರ್ಪುಗಳನ್ನು ವಿದ್ಯಾರ್ಥಿಗಳ ಕೈಗಿಟ್ಟು, ಪ್ರಶ್ನೆಗಳ ಮೂಲಕ ತತ್ತ್ವವನ್ನು ಅವರಿಂದಲೇ ಹೊರಡಿಸುವ ಕ್ರಮ ಅದು. ಗೇ ಅವರು ವ್ಯವಹಾರ ಶಾಲೆಯಲ್ಲಿಯೂ ಇದನ್ನೇ ಬಯಸಿದ್ದರು. ಆದರೆ ಅವರ ಕಾಲದಲ್ಲಿ ಅದು ಪೂರ್ಣವಾಗಿ ಕೈಗೂಡಲಿಲ್ಲ. ಇದಕ್ಕೆ ಕಾರಣವನ್ನು ಅಧ್ಯಾಪಕರ ಸೋಮಾರಿತನದಲ್ಲಿ ಹುಡುಕುವುದು ತಪ್ಪಾಗುತ್ತದೆ. ಕಾನೂನಿನ ಅಧ್ಯಾಪಕನಿಗೆ ಶತಮಾನಗಳ ತೀರ್ಪುಗಳು ಅಚ್ಚಾಗಿ ಕಪಾಟಿನಲ್ಲಿ ಸಿದ್ಧವಾಗಿದ್ದವು. ವ್ಯಾಪಾರದ ಅಧ್ಯಾಪಕನಿಗೆ ಅಂತಹ ಯಾವ ಭಂಡಾರವೂ ಇರಲಿಲ್ಲ. ವರ್ತಕನೊಬ್ಬ ಬೆಲೆ ಇಳಿಸಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಯೋಚಿಸಿ ತೆಗೆದುಕೊಂಡ ತೀರ್ಮಾನವನ್ನು ಯಾರೂ ಬರೆದಿಡುವುದಿಲ್ಲ. ಬರೆದಿಟ್ಟರೂ ಅನ್ಯರಿಗೆ ತೋರಿಸುವುದಿಲ್ಲ. ಅಂದರೆ, ಪಾಠ ಮಾಡುವುದಕ್ಕೆ ಮೊದಲು ಪಠ್ಯವನ್ನೇ ಸೃಷ್ಟಿಸಬೇಕಾಗಿತ್ತು. ಪ್ರಕರಣ ಪದ್ಧತಿಯ ಚರಿತ್ರೆಯಲ್ಲಿ ನಾವು ಗಮನಿಸಬೇಕಾದ ಮುಖ್ಯಾಂಶವೇ ಇದು.

ಆರಂಭದ ವರ್ಷಗಳಲ್ಲಿ ಕೆಲವು ಪ್ರಯೋಗಗಳು ನಡೆದವು. ೧೯೧೧ರಲ್ಲಿ ವ್ಯವಹಾರ ಸಂಶೋಧನೆಗಾಗಿ ಒಂದು ಪ್ರತ್ಯೇಕ ಘಟಕ ಸ್ಥಾಪಿತವಾಗಿ, ಪಾದರಕ್ಷೆಗಳ ಚಿಲ್ಲರೆ ವ್ಯಾಪಾರವನ್ನು ಮೊದಲ ಅಧ್ಯಯನಕ್ಕೆ ಎತ್ತಿಕೊಂಡಿತು. ೧೯೧೨ರ ಸುಮಾರಿಗೆ ಷಿಕಾಗೋ ನಗರದ ಪ್ರಕಾಶಕ ಆರ್ಚ್ ಷಾ ಅವರ ಪ್ರೇರಣೆಯಿಂದ ವ್ಯಾಪಾರಸ್ಥರನ್ನೇ ತರಗತಿಗೆ ಕರೆಸುವ ಪರಿಪಾಠ ಆರಂಭವಾಯಿತು. ಬಂದವರು ತಮ್ಮ ಮುಂದಿರುವ ನಿಜವಾದ ಸಮಸ್ಯೆಯೊಂದನ್ನು ಹೇಳುವುದು, ವಿದ್ಯಾರ್ಥಿಗಳು ಅದನ್ನು ವಿಶ್ಲೇಷಿಸಿ ಬರೆದುಕೊಡುವುದು, ಅದೇ ವ್ಯಾಪಾರಸ್ಥರು ಮತ್ತೆ ಬಂದು ಅದನ್ನು ಚರ್ಚಿಸುವುದು, ಇದು ಅದರ ಕ್ರಮ. ಪ್ರಯೋಗ ಸೊಗಸಾಗಿತ್ತು. ಆದರೆ ಪ್ರತಿಯೊಂದು ಪಾಠಕ್ಕೂ ಹೀಗೆ ಅತಿಥಿಗಳನ್ನು ಕರೆತರುವುದು ಸಾಧ್ಯವಿರಲಿಲ್ಲ. ಉಳಿದ ತರಗತಿಗಳು ಉಪನ್ಯಾಸದ ಹಳೆಯ ಹಾದಿಯಲ್ಲಿಯೇ ಸಾಗಿದವು.

೩

ಬದಲಾವಣೆಯ ವರ್ಷ ೧೯೧೯-೨೦. ಮೊದಲನೆಯ ಮಹಾಯುದ್ಧ ಮುಗಿದಿತ್ತು. ಯುದ್ಧಕಾಲದಲ್ಲಿ ವಾಷಿಂಗ್ಟನ್ನಿನ ಸರಕಾರಿ ಕೆಲಸಕ್ಕೆ ಹೋಗಿದ್ದ ಗೇ ಅವರು ಮರಳಿ ಶಾಲೆಯಲ್ಲಿ ನಿಲ್ಲದೆ ನ್ಯೂಯಾರ್ಕಿನ ಪತ್ರಿಕೆಯೊಂದರ ಹೊಣೆ ಹೊತ್ತು ಹೊರಟುಹೋದರು. ಸೈನ್ಯದಿಂದ ಬಿಡುಗಡೆಗೊಂಡ ತರುಣರು ಶಾಲೆಯ ಬಾಗಿಲಿಗೆ ಬಂದು ನಿಂತಿದ್ದರು. ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿತ್ತು. ಇಂತಹ ಸಂದರ್ಭದಲ್ಲಿ ೧೯೧೯ರಲ್ಲಿ ಡೀನ್ ಪದವಿಗೆ ಬಂದವರು ವಾಲೇಸ್ ಬ್ರೆಟ್ ಡೊನ್ಹಮ್. ಅವರು ಪ್ರಾಧ್ಯಾಪಕರಾಗಿದ್ದವರಲ್ಲ. ಹಾರ್ವರ್ಡ್ ಕಾನೂನು ಶಾಲೆಯ ಪದವೀಧರರಾದ ಅವರು ಬಾಸ್ಟನ್ನಿನ ಓಲ್ಡ್ ಕಾಲೊನಿ ಟ್ರಸ್ಟ್ ಎಂಬ ಹಣಕಾಸು ಸಂಸ್ಥೆಯ ಉಪಾಧ್ಯಕ್ಷರಾಗಿದ್ದವರು. ತೀರ್ಪುಗಳ ಮೂಲಕ ಕಲಿತ ಅನುಭವ ಒಂದೆಡೆ, ಬ್ಯಾಂಕಿನ ವ್ಯವಹಾರದ ಅನುಭವ ಇನ್ನೊಂದೆಡೆ, ಇವೆರಡೂ ಒಬ್ಬರಲ್ಲಿಯೇ ಕೂಡಿದ್ದುದು ಆ ಶಾಲೆಯ ಅದೃಷ್ಟವೆನ್ನಬೇಕು.

ಡೊನ್ಹಮ್ ಅಧಿಕಾರ ವಹಿಸಿಕೊಂಡಾಗ ಮೆಲ್ವಿನ್ ಕೋಪ್‌ಲ್ಯಾಂಡ್ ಎಂಬ ಅಧ್ಯಾಪಕರು ಮಾರಾಟ ವ್ಯವಸ್ಥೆಯನ್ನು ಕುರಿತು ಪಠ್ಯಪುಸ್ತಕವೊಂದನ್ನು ಬರೆಯುವ ಯೋಜನೆಯಲ್ಲಿದ್ದರು. ಪಠ್ಯಪುಸ್ತಕದ ಯೋಚನೆಯನ್ನು ಬಿಟ್ಟು ಸಮಸ್ಯೆಗಳ ಸಂಗ್ರಹವೊಂದನ್ನು ಸಿದ್ಧಪಡಿಸುವಂತೆ ಹೊಸ ಡೀನ್ ಅವರನ್ನು ಪ್ರೇರೇಪಿಸಿದರು. ಹಾಗೆ ೧೯೨೦ರಲ್ಲಿ ಪ್ರಕಟವಾದದ್ದು 'ಮಾರ್ಕೆಟಿಂಗ್ ಪ್ರಾಬ್ಲೆಮ್ಸ್'. ತತ್ತ್ವಗಳನ್ನು ಅಧ್ಯಾಯಗಳಾಗಿ ಜೋಡಿಸಿ ಹೇಳುವ ಗ್ರಂಥವಲ್ಲ ಅದು; ತೀರ್ಮಾನಕ್ಕಾಗಿ ಕಾದಿರುವ ಸನ್ನಿವೇಶಗಳ ಗ್ರಂಥ. ಆಗಿನ್ನೂ 'ಪ್ರಕರಣ' ಎಂಬ ಮಾತಿಗಿಂತ 'ಸಮಸ್ಯೆ' ಎಂಬ ಮಾತೇ ಬಳಕೆಯಲ್ಲಿತ್ತೆಂಬುದನ್ನು ಗ್ರಂಥದ ಹೆಸರೇ ಹೇಳುತ್ತದೆ.

ಗ್ರಂಥವೊಂದರಿಂದ ಶಾಲೆ ಬದಲಾಗಲಾರದು ಎಂಬುದನ್ನು ಡೊನ್ಹಮ್ ಬಲ್ಲವರಾಗಿದ್ದರು. ಆದ್ದರಿಂದ ಸಂಶೋಧನಾ ಘಟಕಕ್ಕೆ ಅವರು ಹೊಸ ಕೆಲಸ ಹಚ್ಚಿದರು. ಆಗತಾನೆ ಪದವಿ ಮುಗಿಸಿದ ತರುಣರನ್ನು ಸಂಬಳಕ್ಕೆ ನೇಮಿಸಿ, ಕಾರಖಾನೆ ಅಂಗಡಿಗಳಿಗೆ ಕಳುಹಿಸಿ, ಅಲ್ಲಿನ ಸಮಸ್ಯೆಗಳನ್ನು ಕೇಳಿ ಬರೆದು ತರುವ ವ್ಯವಸ್ಥೆ ಏರ್ಪಟ್ಟಿತು. ನಮ್ಮ ಜಾನಪದ ಸಂಗ್ರಾಹಕರು ಹಳ್ಳಿಹಳ್ಳಿಗೆ ಹೋಗಿ ಹಾಡು ಕಥೆಗಳನ್ನು ಬರೆದು ತಂದಂತೆಯೇ ಇದೂ ಒಂದು ಕ್ಷೇತ್ರಕಾರ್ಯ. ೧೯೨೧ರಲ್ಲಿ ಕ್ಲಿಂಟನ್ ಬಿಡ್ಲ್ ಬರೆದ 'ಜನರಲ್ ಷೂ ಕಂಪನಿ' ಎಂಬುದನ್ನು ಆ ಶಾಲೆಯ ಮೊದಲ ಲಿಖಿತ ಪ್ರಕರಣವೆಂದು ಗುರುತಿಸುತ್ತಾರೆ. ಅದು ತೀರ ಚಿಕ್ಕದು. ಪಾದರಕ್ಷೆಯ ಕಾರಖಾನೆಯೊಂದರಲ್ಲಿ ಕೆಲಸಗಾರರು ಮುಕ್ತಾಯದ ಹೊತ್ತಿಗೆ ಬಹಳ ಮುಂಚೆಯೇ ಕೆಲಸ ನಿಲ್ಲಿಸುತ್ತಿದ್ದಾರೆ. ಇದಕ್ಕೆ ಕಾರಣವೇನು, ಆಡಳಿತದವರು ಏನು ಮಾಡಬೇಕು ಎಂಬುದಷ್ಟೇ ಅದರ ವಸ್ತು.

ಮುಂದಿನ ಬೆಳವಣಿಗೆಗಳು ತ್ವರಿತವಾದವು. ೧೯೨೨ರಲ್ಲಿ ಡೊನ್ಹಮ್ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯನ್ನು ಆರಂಭಿಸಿದರು. ೧೯೨೪ರಲ್ಲಿ ಬ್ಯಾಂಕರ್ ಜಾರ್ಜ್ ಬೇಕರ್ ಐವತ್ತು ಲಕ್ಷ ಡಾಲರುಗಳ ದಾನ ನೀಡಿದರು. ೧೯೨೭ರಲ್ಲಿ ಚಾರ್ಲ್ಸ್ ನದಿಯ ಆಚೆಯ ದಡದಲ್ಲಿ ಶಾಲೆಯ ಸ್ವಂತ ಆವರಣ ಉದ್ಘಾಟನೆಯಾಯಿತು. ಈ ಹೊತ್ತಿಗೆ ಪ್ರಕರಣ ಪದ್ಧತಿ ಅಲ್ಲಿನ ಪ್ರಧಾನ ಬೋಧನಾಕ್ರಮವಾಗಿ ನೆಲೆಗೊಂಡಿತ್ತು. ಡೊನ್ಹಮ್ ೧೯೪೨ರವರೆಗೆ ಡೀನ್ ಆಗಿದ್ದರು. ಇಷ್ಟಾದರೂ ಬೀಜ ಬಿದ್ದದ್ದು ಆ ಮೊದಲ ವರ್ಷದಲ್ಲಿಯೇ. ಗೇ ಅವರಲ್ಲಿಯೂ ಇದ್ದದ್ದು ಇದೇ ಆದರ್ಶ. ಡೊನ್ಹಮ್ ಮಾಡಿದ್ದು ಆದರ್ಶಕ್ಕೆ ಹಣ, ಆಳು, ಅಚ್ಚು ಈ ಮೂರನ್ನೂ ಒದಗಿಸಿದ್ದು. ಶಿಕ್ಷಣದ ಸುಧಾರಣೆಗಳು ಏಕೆ ಸೋಲುತ್ತವೆ ಎಂದು ಯೋಚಿಸುವ ನಮಗೆಲ್ಲ ಇದೊಂದು ಪಾಠವಾಗಬೇಕು.

೪

ಪ್ರಕರಣ ಪದ್ಧತಿಯ ತರಗತಿ ನಡೆಯುವ ಬಗೆಯನ್ನು ಕೊಂಚ ವಿವರವಾಗಿ ನೋಡಬಹುದು. ಪ್ರಕರಣವೆಂದರೆ ಒಂದು ಸಂಸ್ಥೆಯ ನಿಜವಾದ ಸನ್ನಿವೇಶದ ವಿವರಣೆ. ಅದರಲ್ಲಿ ತೀರ್ಮಾನ ಕೈಗೊಳ್ಳಬೇಕಾದ ವ್ಯಕ್ತಿಯೊಬ್ಬನಿರುತ್ತಾನೆ. ಅವನಿಗೆ ಆ ಹೊತ್ತಿನಲ್ಲಿ ಎಷ್ಟು ತಿಳಿದಿತ್ತೋ ಅಷ್ಟೇ ಮಾಹಿತಿ ವಿದ್ಯಾರ್ಥಿಗೂ ದೊರೆಯುತ್ತದೆ. ಕೆಲವು ಅಂಕಿಗಳು ಬೇಕಾದವು, ಕೆಲವು ಬೇಡವಾದವು. ಬೇಕಾದ ಕೆಲವು ಇಲ್ಲವೇ ಇಲ್ಲ. ಇದು ಬರಹದ ದೋಷವಲ್ಲ, ಬದುಕಿನ ಲಕ್ಷಣ. ಸಂಸ್ಥೆಯವರು ಬಯಸಿದರೆ ಹೆಸರನ್ನೂ ಅಂಕಿಗಳನ್ನೂ ಮರೆಮಾಚುವುದುಂಟು. ಸಂಸ್ಥೆ ಒಪ್ಪಿಗೆ ಕೊಟ್ಟ ಮೇಲೆಯೇ ಅದು ತರಗತಿಗೆ ಬರುತ್ತದೆ.

ವಿದ್ಯಾರ್ಥಿ ಮೊದಲು ಒಬ್ಬನೇ ಓದುತ್ತಾನೆ. ಅನಂತರ ಚಿಕ್ಕ ಗುಂಪಿನಲ್ಲಿ ಚರ್ಚಿಸುತ್ತಾನೆ. ಕೊನೆಗೆ ಇಡೀ ತರಗತಿ ಸೇರಿದಾಗ ಅಧ್ಯಾಪಕ ಒಬ್ಬನನ್ನು ಎಬ್ಬಿಸಿ, "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳುತ್ತಾನೆ. ಅವನ ಉತ್ತರವನ್ನು ಇನ್ನೊಬ್ಬ ಖಂಡಿಸುತ್ತಾನೆ, ಮತ್ತೊಬ್ಬ ತಿದ್ದುತ್ತಾನೆ. ವಿದ್ಯಾರ್ಥಿಗಳು ಒಬ್ಬರ ಮುಖವನ್ನೊಬ್ಬರು ನೋಡಿ ಮಾತಾಡಲು ಅನುಕೂಲವಾಗುವಂತೆ ಆಸನಗಳನ್ನು ಕುದುರೆಲಾಳದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರುತ್ತಾರೆ. ಕೊನೆಯಲ್ಲಿ ಅಧ್ಯಾಪಕ ಸರಿಯುತ್ತರವನ್ನು ಘೋಷಿಸುವುದಿಲ್ಲ. ಅಂತಹದೊಂದು ಉತ್ತರ ಇಲ್ಲವೆಂಬ ಅರಿವೇ ಪಾಠದ ಭಾಗ. ತರಗತಿಯಲ್ಲಿ ಮಾತಾಡಿದ್ದಕ್ಕೆ ಅಂಕಗಳುಂಟು.

ಸಾಹಿತ್ಯದ ವಿದ್ಯಾರ್ಥಿಗೆ ಇದನ್ನು ಓದುವಾಗ ನಮ್ಮ ಕಥಾಪರಂಪರೆ ನೆನಪಾಗದಿರದು. ಹನ್ನೊಂದನೆಯ ಶತಮಾನದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಆತ ಸಂಧಿವಿಗ್ರಹಿಯಾಗಿದ್ದವನು, ಅಂದರೆ ಸಂಧಾನ ಮತ್ತು ಯುದ್ಧಗಳ ವ್ಯವಹಾರವನ್ನು ಸ್ವತಃ ನಿರ್ವಹಿಸಿದವನು. ರಾಜಕುಮಾರರಿಗೆ ನೀತಿಶಾಸ್ತ್ರವನ್ನು ಕಥೆಗಳ ಮೂಲಕ ಕಲಿಸುವುದು ಪಂಚತಂತ್ರದ ಚೌಕಟ್ಟು. ಆದರೆ ಪಂಚತಂತ್ರದ ಕಥೆ ಕೊನೆಗೆ ನೀತಿಯನ್ನು ಹೇಳಿ ಮುಗಿಯುತ್ತದೆ, ಪ್ರಕರಣ ಹೇಳುವುದಿಲ್ಲ. ಆ ದೃಷ್ಟಿಯಿಂದ ಪ್ರಕರಣಕ್ಕೆ ಹೆಚ್ಚು ಸಮೀಪವಾದದ್ದು ಬೇತಾಳನ ಕಥೆ. ಬೇತಾಳ ಸನ್ನಿವೇಶವನ್ನು ಹೇಳಿ, ಇವರಲ್ಲಿ ಯಾರು ಹೆಚ್ಚು, ಯಾರು ಹೊಣೆ ಎಂದು ಕೇಳಿ ನಿಲ್ಲಿಸುತ್ತಾನೆ. ಉತ್ತರ ಬಲ್ಲ ರಾಜ ಮಾತಾಡದೆ ಉಳಿದರೆ ಅವನ ತಲೆ ಸಿಡಿದು ಹೋಳಾಗುತ್ತದೆ. ಈ ಕೊನೆಯ ನಿಬಂಧನೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

೫

ಭಾರತದಲ್ಲಿ ವಾಣಿಜ್ಯ ಶಿಕ್ಷಣದ ಆರಂಭಕ್ಕೂ ಮುಂಬಯಿಗೂ ನಿಕಟ ಸಂಬಂಧವಿದೆ. ಏಷ್ಯಾದ ಮೊದಲ ವಾಣಿಜ್ಯ ಕಾಲೇಜೆಂದು ಹೆಸರಾದ ಸಿಡನ್‌ಹ್ಯಾಮ್ ಕಾಲೇಜು ೧೯೧೩ರಲ್ಲಿ ಇಲ್ಲಿ ಸ್ಥಾಪಿತವಾಯಿತು. ಡೊನ್ಹಮ್ ಹಾರ್ವರ್ಡಿನಲ್ಲಿ ಅಧಿಕಾರ ವಹಿಸಿಕೊಂಡ ಆ ವರ್ಷದಲ್ಲಿ ಈ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಡಾ. ಬಿ. ಆರ್. ಅಂಬೇಡ್ಕರ್. ೧೯೧೮ರಿಂದ ೧೯೨೦ರವರೆಗೆ ಅವರು ಅಲ್ಲಿ ಪಾಠ ಹೇಳಿದರು. ಆ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಅಲ್ಲಿನ ಕನ್ನಡಿಗರಿಗೂ ಮುಂಬಯಿ ವಿಶ್ವವಿದ್ಯಾಲಯವೇ ಉನ್ನತ ಶಿಕ್ಷಣದ ನೆಲೆಯಾಗಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಪ್ರಕರಣ ಪದ್ಧತಿ ನಮ್ಮ ದೇಶದಲ್ಲಿ ಬೇರೂರಿದ್ದು ೧೯೬೧ರ ಅನಂತರ. ಆ ವರ್ಷ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಸ್ಥಾಪಿತವಾದವು. ಅಹಮದಾಬಾದಿನ ಸಂಸ್ಥೆ ಹಾರ್ವರ್ಡಿನ ಸಹಯೋಗದಲ್ಲಿ ಬೆಳೆದುದರಿಂದ ಅದು ಈ ಪದ್ಧತಿಯನ್ನು ತನ್ನದಾಗಿಸಿಕೊಂಡು, ಭಾರತೀಯ ಸಂಸ್ಥೆಗಳ ಪ್ರಕರಣಗಳನ್ನು ಬರೆಯಲು ತೊಡಗಿತು. ಮುಂಬಯಿ ವಿಶ್ವವಿದ್ಯಾಲಯ ೧೯೬೫ರಲ್ಲಿ ಸ್ಟ್ಯಾನ್‌ಫರ್ಡಿನ ಸಹಯೋಗದೊಂದಿಗೆ ಜಮನಾಲಾಲ್ ಬಜಾಜ್ ಸಂಸ್ಥೆಯನ್ನು ತೆರೆಯಿತು. ೧೯೭೩ರಲ್ಲಿ ಬೆಂಗಳೂರಿಗೂ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆ ಬಂದಿತು. ಅಲ್ಲಿಂದೀಚೆಗೆ ಇಂತಹ ಸಂಸ್ಥೆಗಳು ಊರೂರಿಗೂ ಹಬ್ಬಿವೆ.

ಈ ಪದ್ಧತಿಗೆ ಮಿತಿಗಳಿಲ್ಲವೆಂದಲ್ಲ. ಪ್ರಕರಣವನ್ನು ನಾವು ನೋಡುವುದು ತೀರ್ಮಾನಿಸುವ ಅಧಿಕಾರಿಯ ಕಣ್ಣಿನಿಂದ. ಪಾದರಕ್ಷೆಯ ಕಾರಖಾನೆಯ ಪ್ರಕರಣವನ್ನೇ ನೋಡಿ: ಕೆಲಸಗಾರರು ಏಕೆ ಬೇಗ ಕೆಲಸ ನಿಲ್ಲಿಸುತ್ತಾರೆ ಎಂಬುದು ಅಲ್ಲಿ ಆಡಳಿತದವರ ಸಮಸ್ಯೆ. ಅದೇ ಸಂಗತಿಯನ್ನು ಕೆಲಸಗಾರನೊಬ್ಬ ಹೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಸಂಸ್ಥೆಯ ಒಪ್ಪಿಗೆಯಿಲ್ಲದೆ ಪ್ರಕರಣ ಹೊರಬರಲಾರದಾದ್ದರಿಂದ, ಸಂಸ್ಥೆ ಮುಚ್ಚಿಡಬಯಸುವ ಸಂಗತಿಗಳು ತರಗತಿಯಿಂದಲೂ ದೂರ ಉಳಿಯುತ್ತವೆ. ಇನ್ನು, ತರಗತಿಯ ಚರ್ಚೆ ಯಾರ ಚರ್ಚೆ ಎಂಬ ಪ್ರಶ್ನೆಯೂ ಉಂಟು. ಎಲ್ಲರ ಅಭಿಪ್ರಾಯಗಳ ಘರ್ಷಣೆಯಿಂದ ಅರಿವು ಹುಟ್ಟುತ್ತದೆಂದು ನಂಬಿದ ಆ ಶಾಲೆ ತನ್ನ ಎರಡು ವರ್ಷಗಳ ಪೂರ್ಣ ವ್ಯಾಸಂಗಕ್ಕೆ ಮಹಿಳೆಯರನ್ನು ಸೇರಿಸಿಕೊಂಡದ್ದು ೧೯೬೩ರಲ್ಲಿ. ಆ ವರ್ಷ ಸೇರಿದವರು ಎಂಟು ಮಂದಿ.

೬

ಈಗ ನನ್ನನ್ನು ಈ ವಿಷಯಕ್ಕೆ ಎಳೆದ ಪ್ರಸಂಗವನ್ನು ಹೇಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ದಕ್ಷಿಣ ಕನ್ನಡದ ಹಳ್ಳಿಯೊಂದರಿಂದ ಬಂದು, ಸೋದರಮಾವನ ಹೋಟೆಲಿನಲ್ಲಿ ದುಡಿಯುತ್ತ, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿದ ಹುಡುಗನೊಬ್ಬ ನಮ್ಮ ವಿಭಾಗದ ಕಾರ್ಯಕ್ರಮಗಳಿಗೆ ತಪ್ಪದೆ ಬರುತ್ತಿದ್ದ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನಗರದ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದಕ್ಕೆ ಸೇರಿದಾಗ ನಾವೆಲ್ಲ ಸಂತೋಷಪಟ್ಟೆವು. ಕೆಲವು ತಿಂಗಳ ಅನಂತರ ಆತ ನನ್ನ ಕೊಠಡಿಗೆ ಬಂದು, "ಸರ್, ನಾನು ಬಿಟ್ಟುಬಿಡುತ್ತೇನೆ" ಎಂದ.

ನಡೆದದ್ದು ಇಷ್ಟು. ಅಂದಿನ ತರಗತಿಯಲ್ಲಿ ಚರ್ಚೆಗೆ ಬಂದ ಪ್ರಕರಣ ಉಪಾಹಾರಗೃಹಗಳ ಒಂದು ಸರಣಿಯನ್ನು ಕುರಿತದ್ದು. ಮಧ್ಯಾಹ್ನದ ವೇಳೆ ಗಿರಾಕಿಗಳು ಕಾದು ಕಾದು ಹಿಂದಿರುಗುತ್ತಾರೆ. ಹೊಸ ಮೇಜುಗಳನ್ನು ಹಾಕಬೇಕೋ ಬೇಡವೋ ಎಂಬುದು ಪ್ರಶ್ನೆ. ಇಡೀ ತರಗತಿ ಮೇಜುಗಳ ಖರ್ಚನ್ನು ಲೆಕ್ಕ ಹಾಕುತ್ತಿತ್ತು. ಗಲ್ಲಾದ ಮುಂದೆ ವರ್ಷಗಳನ್ನು ಕಳೆದ ಈ ಹುಡುಗನಿಗೆ, ತೊಡಕು ಮೇಜಿನದಲ್ಲ, ಎಂಜಲು ತಟ್ಟೆ ಎತ್ತಿ ಮೇಜು ಒರೆಸುವವರದು ಎಂದು ಓದಿದ ಕೂಡಲೇ ಹೊಳೆದಿತ್ತು. ಮೇಜು ಒರೆಸುವ ಹುಡುಗರು ಇಬ್ಬರು ಹೆಚ್ಚಾದರೆ ಇದ್ದ ಮೇಜುಗಳೇ ಸಾಕು. ಆದರೆ ಅದನ್ನು ಇಂಗ್ಲಿಷಿನಲ್ಲಿ, ಆ ವೇಗದ ಮಾತಿನ ನಡುವೆ ನುಗ್ಗಿ ಹೇಳಲು ಅವನಿಂದಾಗಲಿಲ್ಲ. ಗಂಟೆ ಮುಗಿಯಿತು. ಮಾತಾಡಿದವರಿಗೆ ಅಂಕ ಬಂದವು. "ಉತ್ತರ ಗೊತ್ತಿತ್ತು ಸರ್, ತಲೆ ಸಿಡಿಯುತ್ತಿತ್ತು" ಎಂದ. ಬೇತಾಳನ ಕಥೆ ಅವನಿಗೆ ಆಗ ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ನಾನು ವ್ಯವಹಾರ ಶಾಸ್ತ್ರದ ಅಧ್ಯಾಪಕನಲ್ಲ. ನನ್ನಿಂದ ಸಾಧ್ಯವಾದದ್ದನ್ನು ಮಾಡಿದೆ. ಶನಿವಾರದ ಸಂಜೆ ಆತ ಮುಂದಿನ ವಾರದ ಪ್ರಕರಣವನ್ನು ತಂದು ನನಗೂ ಇಬ್ಬರು ಎಂ.ಎ. ವಿದ್ಯಾರ್ಥಿಗಳಿಗೂ ಕನ್ನಡದಲ್ಲಿ ಹೇಳಬೇಕು; ನಾವು ಪ್ರಶ್ನೆ ಕೇಳಬೇಕು; ಅವನು ಉತ್ತರ ಕೊಡಬೇಕು; ಕೊನೆಗೆ ಅದರ ಸಾರವನ್ನು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಬರೆದಿಟ್ಟುಕೊಳ್ಳಬೇಕು. ಇದು ಒಂದು ವರ್ಷ ನಡೆಯಿತು. ಅವನು ತರಗತಿಯ ಮೊದಲಿಗನಾಗಲಿಲ್ಲ. ಮಾತಿನ ಅಂಕಗಳು ಕೊನೆಯವರೆಗೂ ಕಡಿಮೆಯೇ ಇದ್ದವು. ಆದರೆ ಬಿಟ್ಟುಹೋಗಲಿಲ್ಲ, ಪದವಿ ಪಡೆದ. ನಮಗೂ ಲಾಭವಾಯಿತು. ನಾನು ಉಪನ್ಯಾಸ ಹೇಳಿ ಬರೆಸುವುದನ್ನು ಕಡಿಮೆ ಮಾಡಿ, 'ಗದಾಯುದ್ಧ'ದ ದುರ್ಯೋಧನನನ್ನು ಒಂದು ಪ್ರಕರಣವೆಂಬಂತೆ ತರಗತಿಯ ಮುಂದಿಟ್ಟು, "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳತೊಡಗಿದ್ದು ಆ ವರ್ಷದಿಂದಲೇ.

೭

ಈ ಪ್ರಸಂಗದಿಂದ ನನಗೆ ಹೊಳೆದ ಒಂದೆರಡು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಮಾತಿನ ಮೂಲಕ ಕಲಿಸುವ ಪದ್ಧತಿಯಲ್ಲಿ ಭಾಷೆ ಕೇವಲ ಸಾಧನವಲ್ಲ, ಅದು ಪ್ರವೇಶದ್ವಾರ. ಉಪನ್ಯಾಸದ ತರಗತಿಯಲ್ಲಿ ಮೌನಿಯಾದ ವಿದ್ಯಾರ್ಥಿ ಮನೆಗೆ ಹೋಗಿ ಓದಿ ಪರೀಕ್ಷೆಯಲ್ಲಿ ಗೆಲ್ಲಬಹುದು. ಚರ್ಚೆಯ ತರಗತಿಯಲ್ಲಿ ಮೌನಕ್ಕೆ ಪರಿಹಾರವಿಲ್ಲ. ಅಲ್ಲಿ ನಷ್ಟ ಅವನೊಬ್ಬನದೇ ಅಲ್ಲ. ಅವನ ಅನುಭವ ತರಗತಿಗೂ ನಷ್ಟವಾಗುತ್ತದೆ.

ಎರಡನೆಯದಾಗಿ, ಡೊನ್ಹಮ್ ಅವರ ವರ್ಷ ನಮಗೆ ಕಲಿಸುವುದು ಪಠ್ಯವನ್ನು ಮೊದಲು ಸಿದ್ಧಪಡಿಸಬೇಕೆಂಬುದನ್ನು. ಕನ್ನಡಿಗರ ಉದ್ಯಮಶೀಲತೆಯ ಪ್ರಕರಣಗಳು ಕನ್ನಡದಲ್ಲಿ ಎಷ್ಟಿವೆ? ೧೯೨೫ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಆರಂಭವಾದ ಸಿಂಡಿಕೇಟ್ ಬ್ಯಾಂಕು, ೧೯೨೮ರಲ್ಲಿ ಪಿಗ್ಮಿ ಠೇವಣಿಯ ಯೋಜನೆಯನ್ನು ತಂದಿತು. ಅದರ ಪ್ರತಿನಿಧಿಗಳು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸಿದರು. ಸಂಗ್ರಹದ ಖರ್ಚು ಠೇವಣಿಯ ಲಾಭವನ್ನು ನುಂಗದಂತೆ ನೋಡಿಕೊಳ್ಳುವುದು ಹೇಗೆ? ಬಡವನ ಎರಡಾಣೆಗೆ ರಸೀದಿಯಷ್ಟೇ ಸಾಕೇ, ವಿಶ್ವಾಸ ಬೇಕೇ? ಇವು ಯಾವ ತರಗತಿಯಲ್ಲಾದರೂ ಒಂದು ಗಂಟೆ ಚರ್ಚಿಸಬಹುದಾದ ಪ್ರಶ್ನೆಗಳು. ವಿಜಯಾ ಬ್ಯಾಂಕು ೨೦೧೯ರಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ೨೦೨೦ರಲ್ಲಿಯೂ ಅನ್ಯ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಫಲಕಗಳು ಇಳಿದವು. ಆ ಬ್ಯಾಂಕುಗಳಲ್ಲಿ ದುಡಿದ ಹಿರಿಯರು ಮುಂಬಯಿಯ ಕನ್ನಡ ಸಂಘಗಳಲ್ಲಿ ಇನ್ನೂ ನಮ್ಮೊಡನಿದ್ದಾರೆ. ಅವರ ನೆನಪುಗಳನ್ನು ಕೇಳಿ ಬರೆದಿಡುವುದು ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕಾರ್ಯವಲ್ಲ.

ಅದಕ್ಕೆ ಐವತ್ತು ಲಕ್ಷ ಡಾಲರು ಬೇಕಿಲ್ಲ. ಒಂದು ನೋಟುಪುಸ್ತಕ, ಕೇಳುವ ತಾಳ್ಮೆ, ಶನಿವಾರದ ಒಂದು ಸಂಜೆ ಸಾಕು. ಅಂದು ನನ್ನ ಕೊಠಡಿಗೆ ಬಂದ ಆ ಹುಡುಗ ಇಂದು ಸ್ವಂತ ಉಪಾಹಾರಗೃಹ ನಡೆಸುತ್ತಿದ್ದಾನೆ. ಮೊದಲ ಪ್ರಕರಣವನ್ನು ಅವನಿಂದಲೇ ಬರೆಸಿಕೊಳ್ಳಬೇಕೆಂದಿದ್ದೇನೆ.